ಹಾಡಿಯ ಮಕ್ಕಳು ನರ್ಸ್ ಆಗಬೇಕೆಂದರೆ: ಜೊತೆಗೆ ನಿಲ್ಲುವುದು ಹೇಗೆ?

ಕೊಡಗಿನ ಸರ್ಕಾರಿ ಆಸ್ಪತ್ರೆಗಳಿಗೆ ಬುಡಕಟ್ಟು ಜನ ವಾಸಿಸುವ ಹಾಡಿಗಳಿಂದ, ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ದಿನವೂ ರೋಗಿಗಳು ಬರುತ್ತಾರೆ. ಯರವರು, ಜೇನು ಕುರುಬರು, ಬೆಟ್ಟ ಕುರುಬರು, ಪಣಿಯರು, ಕುಡಿಯರು. ಆದರೆ ವಾರ್ಡಿನಲ್ಲಿ ಡ್ಯೂಟಿ ಮಾಡುವವರಲ್ಲಿ ಇದೇ ಮನೆಗಳ ಮಕ್ಕಳು ಅಪರೂಪ. ಯರವ ಅಜ್ಜಿಯೊಬ್ಬರು ತಮ್ಮ ನೋವನ್ನು ತಮ್ಮದೇ ಮಾತಿನಲ್ಲಿ ಸಿಸ್ಟರ್ ಹತ್ತಿರ ಹೇಳಿಕೊಳ್ಳುವಂತಾದರೆ ಎಷ್ಟು ನಿರಾಳ, ಅಲ್ವಾ? ಇಲ್ಲಿನ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಎಂಬ ಆನುವಂಶಿಕ ಕಾಯಿಲೆ ಇದೆ. ಅದರ ನಿರ್ಮೂಲನೆಗೆ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಅಭಿಯಾನ ಶುರು ಮಾಡಿತು. ಹೊರಗಿನವರು ಬಂದು ಪರೀಕ್ಷೆಗೆ ರಕ್ತ ಕೊಡಿ ಎಂದರೆ ಹಾಡಿಯವರು ಹಿಂಜರಿಯುವುದು ಸಹಜ. ಹಾಡಿಯದೇ ಮಗಳು ಕೇಳಿದರೆ ಮಾತು ಬೇರೆ.

ಈ ಮಕ್ಕಳಿಗೆ ಆಸೆ ಇಲ್ಲ ಎಂದು ಯಾರೂ ಹೇಳಬೇಡಿ. ಆಸೆ ಇದೆ. ಅರ್ಜಿ, ದಾಖಲೆ, ಹಾಸ್ಟೆಲ್ ಎಂಬ ದಾರಿಯಲ್ಲಿ ಜೊತೆಗೆ ನಡೆಯುವ ಒಬ್ಬ ದೊಡ್ಡವರು ಇಲ್ಲ, ಅಷ್ಟೇ. ನೀವು ಶಿಕ್ಷಕರೋ, ವಾರ್ಡನ್ನೋ, ಆಶಾ ಕಾರ್ಯಕರ್ತೆಯೋ, ತೋಟದ ಮಾಲೀಕರೋ ಆಗಿದ್ದರೆ ಆ ಒಬ್ಬರು ನೀವೇ ಆಗಬಹುದು.

ಎಂಟನೇ ಕ್ಲಾಸಿನಲ್ಲೇ ಮಾತು ಶುರು ಮಾಡಿ

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಹೇಳಿದರೆ ತಡವಾಗುತ್ತದೆ. ಆಶ್ರಮ ಶಾಲೆ ಅಥವಾ ಹೈಸ್ಕೂಲಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಒಬ್ಬರನ್ನು ಕರೆಸಿ. ಭಾಷಣ ಬೇಡ. ಬಿಪಿ ಮಷಿನ್ ಮಕ್ಕಳ ಕೈಗೇ ಕೊಡಲಿ. ಗಂಡು ಮಕ್ಕಳನ್ನೂ ಕೂರಿಸಿ. ನರ್ಸಿಂಗ್ ಹೆಣ್ಣುಮಕ್ಕಳ ಕೆಲಸ ಎಂಬ ನಂಬಿಕೆಯಿಂದ ಎಷ್ಟೋ ಹುಡುಗರಿಗೆ ಈ ದಾರಿ ಇರುವುದೇ ಗೊತ್ತಾಗುವುದಿಲ್ಲ.

ಯಾವ ಕೋರ್ಸ್ ಎಂದು ಸರಿಯಾಗಿ ಹೇಳಿ

ಬಿ.ಎಸ್ಸಿ ನರ್ಸಿಂಗ್ 4 ವರ್ಷ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಒಟ್ಟು ಶೇ 45 ಅಂಕ, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40. ಇಂಗ್ಲಿಷ್ ಪಾಸಾಗಿರಬೇಕು. ಜಿಎನ್ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾ 3 ವರ್ಷ. ಇದಕ್ಕೆ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು, ಶೇ 40 ಅಂಕ ಸಾಕು. ಎಎನ್ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಕೋರ್ಸ್) 2 ವರ್ಷ, ಅದು ಹೆಣ್ಣುಮಕ್ಕಳಿಗೆ ಮಾತ್ರ. ಸೈನ್ಸ್ ಸಿಗಲಿಲ್ಲ, ಇನ್ನು ಎಲ್ಲ ಮುಗಿಯಿತು ಎಂದು ಪಿಯುಸಿಗೇ ಓದು ಬಿಡುವ ಮಕ್ಕಳಿದ್ದಾರೆ. ಅವರಿಗೆ ಜಿಎನ್ಎಂ ವಿಷಯ ಮೊದಲು ತಿಳಿಸಿ. ಜಿಎನ್ಎಂ ಮುಗಿಸಿ ನೋಂದಣಿ ಮಾಡಿಸಿಕೊಂಡವರು ಮುಂದೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಮಾಡಬಹುದು.

ದಾಖಲೆ: ಹೆಚ್ಚು ಸಮಯ ಇಲ್ಲಿ ಕೊಡಿ

ಬುದ್ಧಿವಂತ ಮಕ್ಕಳೂ ಎಡವುವುದು ಇಲ್ಲೇ. ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ ಎರಡಕ್ಕೂ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಎರಡರಲ್ಲೂ ಆರ್‌ಡಿ ನಂಬರ್ (ಪ್ರಮಾಣ ಪತ್ರದ ಗುರುತಿನ ಸಂಖ್ಯೆ) ಇರುತ್ತದೆ. ಸೀಟಿನ ಅರ್ಜಿಗೂ ಸ್ಕಾಲರ್‌ಶಿಪ್ಪಿಗೂ ಕೇಳುವುದು ಅದನ್ನೇ.

ಬೆಟ್ಟ ಕುರುಬರ ಮಕ್ಕಳ ಬಗ್ಗೆ ಒಂದು ಮಾತು. ಹಿಂದೆ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಕಾಡು ಕುರುಬ ಎಂಬ ಹೆಸರು ಮಾತ್ರ ಇತ್ತು. ಬೆಟ್ಟ ಕುರುಬ ಎಂದು ಬರೆಸಿದವರು ಸರ್ಟಿಫಿಕೇಟಿಗಾಗಿ ಅಲೆದಿದ್ದಾರೆ. 2022ರ ಕೊನೆಯಲ್ಲಿ ಸಂಸತ್ತು ತಿದ್ದುಪಡಿಗೆ ಒಪ್ಪಿಗೆ ಕೊಟ್ಟು ಬೆಟ್ಟ ಕುರುಬ ಹೆಸರನ್ನೂ ಸೇರಿಸಿತು. ಹಳೆಯ ಕಾಲದಲ್ಲಿ 'ಆಗಲ್ಲ' ಎಂದು ವಾಪಸ್ ಕಳಿಸಿದ್ದನ್ನೇ ನೆನಪಿಟ್ಟುಕೊಂಡ ಮನೆಗಳಿಗೆ ಹೋಗಿ ಇದನ್ನು ಹೇಳಿ. ಜೊತೆಗೆ ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿದರೆ ಇನ್ನೂ ಒಳ್ಳೆಯದು.

ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿ. ಒಂದು ಅಕ್ಷರ ಬೇರೆಯಾದರೂ ತೊಂದರೆ. ಕೊಡಗಿನ ಹಳ್ಳಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಸಿಇಟಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ಸೀಟಿನಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯೂ ಇದೆ. ಅದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಪ್ರಮಾಣ ಪತ್ರ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಒಂದರಿಂದ ಹತ್ತರ ತನಕ ಎರಡು ಮೂರು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಗೂ ಓಡಾಡಬೇಕು. ತೋಟದಿಂದ ತೋಟಕ್ಕೆ ಹೋಗುವ ಕುಟುಂಬಗಳಲ್ಲಿ ಇದು ಮಾಮೂಲು.

ಸ್ಕಾಲರ್‌ಶಿಪ್ ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೇ ಬರುತ್ತದೆ. ಚಿಕ್ಕವರಿದ್ದಾಗ ಶಾಲೆಯವರು ಮಾಡಿಸಿದ ಹಳೆಯ ಖಾತೆ ನಿಂತು ಹೋಗಿರಬಹುದು. ಬ್ಯಾಂಕಿಗೆ ಹೋಗಿ ಒಮ್ಮೆ ಪರೀಕ್ಷಿಸಿ.

ಮಳೆ, ಕಾಫಿ, ಅರ್ಜಿ

ಬಿ.ಎಸ್ಸಿ ನರ್ಸಿಂಗ್ ಸೀಟು 2023ರಿಂದ ಸಿಇಟಿ ಮೂಲಕ. ಅದರ ಅರ್ಜಿ ಸಾಮಾನ್ಯವಾಗಿ ಜನವರಿ, ಫೆಬ್ರುವರಿಯಲ್ಲಿ ಬರುತ್ತದೆ. ಅದೇ ಕಾಫಿ ಕುಯ್ಲಿನ ಕಾಲ. ಮನೆಯವರೆಲ್ಲ ತೋಟದಲ್ಲಿರುತ್ತಾರೆ, ಕೆಲವೊಮ್ಮೆ ಮಗುವೂ ಕೂಡ. ಹಾಗಾಗಿ ಡಿಸೆಂಬರ್ ಒಳಗೇ ಎಲ್ಲ ದಾಖಲೆ ಸಿದ್ಧವಿರಬೇಕು. ಪಿಯುಸಿ ಫಲಿತಾಂಶ ಬಂದ ಮೇಲೆ ಮೇ ತಿಂಗಳಲ್ಲಿ ಬುಡಕಟ್ಟು ಜನರ ಹಬ್ಬವಾದ ದೇವರಪುರದ ಕುಂಡೆ ಹಬ್ಬ. ಆಗ ನೆಂಟರಿಷ್ಟರೆಲ್ಲ ಸೇರುತ್ತಾರೆ. ಆ ಹೊತ್ತಿಗೆ ಮನೆಯವರ ಜೊತೆ ಕೂತು ಮಾತಾಡಿದರೆ ತೀರ್ಮಾನ ಸುಲಭ.

ಸೀಟು ಆಯ್ಕೆಯ ಸುತ್ತುಗಳು ಬರುವುದು ಮಳೆಗಾಲದಲ್ಲಿ. ಜುಲೈನಲ್ಲಿ ಕೊಡಗಿನ ಹಳ್ಳಿಗಳಲ್ಲಿ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ. ಕಡೆಯ ದಿನದ ಮೆಸೇಜ್ ಬಂದದ್ದೇ ಗೊತ್ತಾಗುವುದಿಲ್ಲ. ಅರ್ಜಿಯಲ್ಲಿ ಗೋಣಿಕೊಪ್ಪ, ಕುಶಾಲನಗರ ಅಥವಾ ಮಡಿಕೇರಿಯಲ್ಲಿರುವ ನಂಬಿಕಸ್ಥರ ಮೊಬೈಲ್ ನಂಬರ್ ಕೊಡಿಸಿ. ಒಟಿಪಿ ಬಂದಾಗ ಅವರು ಫೋನ್ ಎತ್ತುವಂತಿರಲಿ. ದಾಖಲೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ, ಸ್ಕ್ಯಾನ್ ಮಾಡಿ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.

ಪಾಠ ಹೇಳಿಕೊಡುವುದಾದರೆ ಸಂಜೆ ಬೇಡ. ತಿತಿಮತಿ, ನಾಗರಹೊಳೆ ಕಡೆ ಕತ್ತಲಾದರೆ ರಸ್ತೆಯಲ್ಲಿ ಆನೆ ಇರುತ್ತದೆ. ಶಾಲೆಯ ಸಮಯದಲ್ಲೇ, ಇಲ್ಲವೇ ಹಾಸ್ಟೆಲಿನಲ್ಲೇ ಮಾಡಿ.

ತಂದೆ ತಾಯಿಯನ್ನು ಕರೆದುಕೊಂಡು ಹೋಗಿ

ರಾತ್ರಿ ಡ್ಯೂಟಿ, ದೂರದ ಹಾಸ್ಟೆಲ್, ಕಂಡವರ ಮೈ ಮುಟ್ಟುವ ಕೆಲಸ. ಈ ಮೂರು ಭಯಗಳನ್ನು ಮಾತಿನಲ್ಲಿ ಕಳೆಯಲಾಗದು. ಮಡಿಕೇರಿಯ ಆಸ್ಪತ್ರೆಯ ವಾರ್ಡು, ಓದಲು ಹೋಗುವ ಊರಿನ ಹಾಸ್ಟೆಲ್ ಎರಡನ್ನೂ ಕಣ್ಣಾರೆ ತೋರಿಸಿ. ಆ ದಿನದ ಕೂಲಿ ಹೋಗುತ್ತದೆ ಎಂಬುದನ್ನು ಮರೆಯಬೇಡಿ. ತೋಟದ ಮಾಲೀಕರು ಆ ಒಂದು ದಿನ ಸಂಬಳ ಸಹಿತ ರಜೆ ಕೊಟ್ಟರೆ ಅದೇ ದೊಡ್ಡ ಸಹಾಯ. ನನ್ನ ಮಟ್ಟಿಗೆ ಬ್ಯಾಗು, ಪುಸ್ತಕ ಹಂಚುವುದಕ್ಕಿಂತ ಇದರ ಬೆಲೆ ಹೆಚ್ಚು.

ಕಾಲೇಜು ಮತ್ತು ಮೊದಲ ಆರು ತಿಂಗಳು

ಸೀಟು ಕೊಡಿಸುತ್ತೇನೆ ಎಂದು ಏಜೆಂಟರು ಹಾಡಿಗೇ ಬರುತ್ತಾರೆ. ಕಾಲೇಜಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬಿ.ಎಸ್ಸಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಯನ್ನೂ ನೋಡಿ. ಮೂಲ ಅಂಕಪಟ್ಟಿ ಕೊಡಬೇಕಾಗಿ ಬಂದರೆ ರಸೀದಿ ಪಡೆಯಿರಿ.

ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ. ಅಂಗರಚನೆಯ ಪುಸ್ತಕ ನೋಡಿ ಮೊದಲ ವಾರವೇ ಗಂಟು ಮೂಟೆ ಕಟ್ಟುವ ಮಕ್ಕಳಿದ್ದಾರೆ. ಪಿಯುಸಿ ರಜೆಯಲ್ಲೇ ದೇಹದ ಭಾಗಗಳ, ರೋಗಗಳ ಇಂಗ್ಲಿಷ್ ಪದಗಳನ್ನು ಕನ್ನಡದ ಜೊತೆ ಬರೆದ ನೋಟ್ ಬುಕ್ ಮಾಡಿಸಿ. ಕಾಲೇಜು ಸೇರಿದ ಮೇಲೆ ವಾರಕ್ಕೊಮ್ಮೆ ಫೋನ್ ಮಾಡಿ. ಊಟ ಸೇರುತ್ತಾ, ಜೊತೆಯವರು ಜಾತಿ ಹಿಡಿದು ಏನಾದರೂ ಅಂದರಾ ಎಂದು ಕೇಳಿ. ಅಂದಿದ್ದರೆ ಸುಮ್ನಿರಬೇಡಿ. ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ದೂರು ಕೊಡಿ.

ಮನೆಯಲ್ಲಿ ಸಾವು ನೋವಾಗಿ ಊರಿಗೆ ಬಂದ ಮಗು ವಾಪಸ್ ಹೋಗದೆ ಉಳಿದುಬಿಡುವುದೂ ಇದೆ. ಅಂಥ ಸಮಯದಲ್ಲಿ ಹಾಜರಾತಿ ಬಗ್ಗೆ ಕಾಲೇಜಿನವರ ಜೊತೆ ನೀವೇ ಮಾತಾಡಿ, ಬಸ್ ಚಾರ್ಜ್ ಕೊಟ್ಟು, ಬಸ್ ಹತ್ತಿಸಿ ಬನ್ನಿ.