ಕಂಪನಿ ಬಾಂಡ್ ಕೊಳ್ಳುವ ಮುನ್ನ ಕೂಡಿ ಕಳೆಯಬೇಕಾದ ಲೆಕ್ಕ

ಶಿರಸಿಯಲ್ಲಿ ಚಾಲಿ ಅಡಿಕೆ ಮಾರಿದ ದುಡ್ಡು, ಕಾರವಾರದಲ್ಲಿ ನಿವೃತ್ತಿಯಾದಾಗ ಕೈಗೆ ಬಂದ ಗಂಟು: ಎರಡೂ ಸಾಮಾನ್ಯವಾಗಿ ಹೋಗಿ ಕೂರುವುದು ಬ್ಯಾಂಕಿನ ಎಫ್‌ಡಿಯಲ್ಲಿ, ಇಲ್ಲವೇ ಊರಿನ ಸೊಸೈಟಿಯ ಠೇವಣಿಯಲ್ಲಿ. ಈಗ ಮೊಬೈಲ್ ತೆರೆದರೆ ‘ಶೇ 10 ನಿಶ್ಚಿತ ಆದಾಯ’ ಎನ್ನುವ ಬಾಂಡ್ ಜಾಹೀರಾತು. ಬಾಂಡ್ ಎಂದರೆ ನಾವು ಕಂಪನಿಗೆ ಬಡ್ಡಿಗೆ ಕೊಡುವ ಸಾಲದ ಪತ್ರ. ಹಿಂದೆ ಇಂಥ ಎಷ್ಟೋ ಬಾಂಡ್‌ಗಳ ಮುಖಬೆಲೆಯೇ (ಅವಧಿ ಮುಗಿದಾಗ ಕಂಪನಿ ತೀರಿಸುವ ಅಸಲು) 10 ಲಕ್ಷ ರೂಪಾಯಿ ಇರುತ್ತಿತ್ತು. 2024ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 10 ಸಾವಿರದ ಮುಖಬೆಲೆಗೂ ಅವಕಾಶ ಕೊಟ್ಟ ಮೇಲೆ ಸಣ್ಣ ಉಳಿತಾಯದವರೂ ಗಿರಾಕಿಗಳಾಗಿದ್ದಾರೆ.

ಮೊದಲು ಕೇಳಿಕೊಳ್ಳಬೇಕಾದದ್ದು, ಈ ದುಡ್ಡು ಯಾವಾಗ ಬೇಕು? ಮಳೆಗೆ ಮುಂಚೆ ಕೊಳೆಮದ್ದು ಹೊಡೆಸಲು ಮೈಲುತುತ್ತು, ಸುಣ್ಣ, ಕೊನೆಗೌಡರ ಕೂಲಿ ಎಂದು ತೆಗೆದಿಟ್ಟ ಹಣವನ್ನು ಬಾಂಡಿಗೆ ಹಾಕಲೇಬಾರದು. ಎಫ್‌ಡಿಯನ್ನು ದಂಡ ಕೊಟ್ಟಾದರೂ ಮುರಿಸಬಹುದು. ಬಾಂಡನ್ನು ಕಂಪನಿ ಅವಧಿಗೆ ಮೊದಲು ನೀವು ಕೇಳಿದಿರೆಂದು ವಾಪಸ್ ತೆಗೆದುಕೊಳ್ಳುವುದಿಲ್ಲ. ಷೇರುಪೇಟೆಯಲ್ಲಿ ಮಾರೋಣ ಎಂದರೆ ಎಷ್ಟೋ ಬಾಂಡ್‌ಗಳಿಗೆ ಕೊಳ್ಳುವವರೇ ಸಿಗುವುದಿಲ್ಲ. ಸಿಕ್ಕರೂ ಬೆಲೆ ಮುರಿದು ಕೇಳುತ್ತಾರೆ.

ಎರಡನೆಯದು ರಕ್ಷಣೆ. ಬ್ಯಾಂಕ್ ಠೇವಣಿಗೆ, ಅಸಲು ಬಡ್ಡಿ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಬಾಂಡಿಗೆ ಅದಿಲ್ಲ. (ಸೊಸೈಟಿ ಠೇವಣಿಗೂ ಆ ವಿಮೆ ಇಲ್ಲ, ಹಲವರು ಇದೆ ಎಂದೇ ನಂಬಿದ್ದಾರೆ.)

ಮೂರನೆಯದಾಗಿ ಬಾಂಡಿನ ದಾಖಲೆ ತೆಗೆದು ಓದಿ. ಸಾಲ ತೀರಿಸುವ ಶಕ್ತಿ ಅಳೆದು ರೇಟಿಂಗ್ ಸಂಸ್ಥೆಗಳು ಕೊಡುವ ದರ್ಜೆ ಎಎಎ ಇಂದ ಕೆಳಗಿಳಿಯುತ್ತ ಹೋಗುತ್ತದೆ. ಬಿಬಿಬಿ ಮೈನಸ್‌ಗಿಂತ ಕೆಳಗಿನದು ಸಟ್ಟಾ ಲೆಕ್ಕ. ದರ್ಜೆಯೊಂದನ್ನೇ ನೆಚ್ಚುವಂತೆಯೂ ಇಲ್ಲ: 2018ರಲ್ಲಿ ಕುಸಿದ ಹಣಕಾಸು ಕಂಪನಿ ಐಎಲ್ ಆ್ಯಂಡ್ ಎಫ್‌ಎಸ್‌ಗೆ ಅದೇ ವರ್ಷ ಎಎಎ ಇತ್ತು. ಬಾಂಡಿಗೆ ಆಸ್ತಿಯ ಭದ್ರತೆ ಇದೆಯೇ, ಅವಧಿಗೆ ಮೊದಲೇ ತೀರಿಸುವ ಹಕ್ಕನ್ನು ಕಂಪನಿ ಇಟ್ಟುಕೊಂಡಿದೆಯೇ ಎಂದು ನೋಡಿ. ‘ಎಟಿ1’ (ಬ್ಯಾಂಕ್ ತೊಂದರೆಗೆ ಸಿಕ್ಕಿದರೆ ಅಸಲನ್ನೇ ಅಳಿಸಿಹಾಕಬಹುದಾದ ಬ್ಯಾಂಕ್ ಬಾಂಡ್) ಎಂದಿದ್ದರೆ ಪಿಂಚಣಿಯವರು ದೂರವಿರುವುದೇ ಲೇಸು. 2020ರಲ್ಲಿ ಯೆಸ್ ಬ್ಯಾಂಕಿನ 8,415 ಕೋಟಿ ರೂಪಾಯಿಯ ಅಂಥ ಬಾಂಡ್‌ಗಳನ್ನು ಪೂರ್ತಿ ಅಳಿಸಿಹಾಕಲಾಯಿತು.

ಹೆಚ್ಚು ಜನ ಎಡವುವುದು ಬಡ್ಡಿದರದಲ್ಲಿ. 1,000 ರೂಪಾಯಿ ಮುಖಬೆಲೆ, ವರ್ಷಕ್ಕೆ ಶೇ 9 ಬಡ್ಡಿ, ಇನ್ನೆರಡು ವರ್ಷ ಬಾಕಿ. ಬೆಲೆ 1,030 ಎನ್ನೋಣ. ವರ್ಷಕ್ಕೆ 90 ರೂಪಾಯಿ ಬರುತ್ತದೆ, ನಿಜ. ಆದರೆ ಕೊನೆಗೆ ಕೈಗೆ ಸಿಗುವ ಅಸಲು 1,000 ಮಾತ್ರ. 30 ರೂಪಾಯಿ ಹೋಯಿತು. ನಿಮ್ಮ ನಿಜವಾದ ಗಳಿಕೆ ಸುಮಾರು ಶೇ 7.3. ಪರದೆಯ ಮೇಲೆ ‘ವೈಟಿಎಂ’ ಎಂದು ಬರೆದಿರುವುದು ಇದನ್ನೇ. ಎಫ್‌ಡಿ ಜೊತೆ ಹೋಲಿಸಬೇಕಾದದ್ದು ಇದನ್ನು, ದೊಡ್ಡಕ್ಷರದ ಬಡ್ಡಿಯನ್ನಲ್ಲ. ಹಾಗೆಯೇ 10 ಸಾವಿರದ, ಶೇ 9ರ ಬಾಂಡನ್ನು ಕಂಪನಿ ಹಿಂದಿನ ಬಡ್ಡಿ ಕೊಟ್ಟು ನಾಲ್ಕು ತಿಂಗಳಾದ ಮೇಲೆ ಕೊಂಡರೆ ಬಿಲ್ಲಿನಲ್ಲಿ 300 ರೂಪಾಯಿ ಹೆಚ್ಚು ಕಾಣುತ್ತದೆ. ಅದು ಮೋಸವಲ್ಲ, ಹಳೆಯ ಮಾಲೀಕನಿಗೆ ಸಲ್ಲಬೇಕಾದ ಬಡ್ಡಿ. ಮುಂದಿನ ಬಡ್ಡಿಯಲ್ಲಿ ನಿಮಗೆ ತಿರುಗಿ ಬರುತ್ತದೆ.

ಈಗ ಅಪಾಯಕ್ಕೆ ಸಿಗುವ ಕೂಲಿ ನೋಡಿ. 2 ಲಕ್ಷವನ್ನು ಶೇ 7ರ ಎಫ್‌ಡಿ ಬಿಟ್ಟು ಶೇ 10ರ ಬಾಂಡ್‌ಗಳಲ್ಲಿ ಹಾಕಿದರೆ ವರ್ಷಕ್ಕೆ ಹೆಚ್ಚು ಬರುವುದು 6,000. ಎರಡರ ಬಡ್ಡಿಗೂ ನಿಮ್ಮ ಸ್ಲ್ಯಾಬ್ ಪ್ರಕಾರವೇ ತೆರಿಗೆ. ಹತ್ತು ಕಂಪನಿಗಳಿಗೆ 20 ಸಾವಿರದಂತೆ ಹಂಚಿ, ಅದರಲ್ಲಿ ಒಂದು ಮುಳುಗಿ ಏನೂ ವಸೂಲಾಗದಿದ್ದರೆ, ಮೂರು ವರ್ಷಕ್ಕೂ ಮೀರಿದ ಹೆಚ್ಚುವರಿ ಬಡ್ಡಿ ಅಲ್ಲಿಗೆ ಖಲಾಸ್. ಒಂದೇ ಕಂಪನಿಗೆ 2 ಲಕ್ಷ ಸುರಿದವರ ಲೆಕ್ಕ ಹೇಳುವುದೇ ಬೇಡ. ಉಳಿತಾಯವೆಲ್ಲ ಸೇರಿ ನಾಲ್ಕೈದು ಲಕ್ಷವಷ್ಟೇ ಇರುವವರಿಗೆ ಈ ಉಸಾಬರಿ ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಇಷ್ಟಾದ ಮೇಲೂ ಕೊಳ್ಳುವುದಾದರೆ ಷೇರು, ಬಾಂಡ್‌ಗಳನ್ನು ಕಂಪ್ಯೂಟರ್ ದಾಖಲೆಯಾಗಿ ಇಡುವ ಡಿಮ್ಯಾಟ್ ಖಾತೆ ಬೇಕು, ಅದಕ್ಕೆ ನಾಮಿನಿ ಹಾಕಿಸಿ. ಬಾಂಡ್ ಮಾರುವ ಆ್ಯಪ್‌ನವರ ಹೆಸರು ಸೆಬಿ ನೋಂದಣಿಯಲ್ಲಿದೆಯೇ ಎಂದು ಹುಡುಕಿ. ಹಣ ಹೋಗಬೇಕಾದದ್ದು ಷೇರುಪೇಟೆಯ ವ್ಯವಹಾರ ಚುಕ್ತಾ ಮಾಡುವ ಸಂಸ್ಥೆಯಾದ ಕ್ಲಿಯರಿಂಗ್ ಕಾರ್ಪೊರೇಷನ್ ಖಾತೆಗೆ. ವಾಟ್ಸ್‌ಆ್ಯಪ್‌ನಲ್ಲಿ ಯಾರದೋ ಯುಪಿಐ ನಂಬರ್ ಕಳಿಸಿ ‘ಇದಕ್ಕೇ ಹಾಕಿ’ ಎಂದರೆ ವ್ಯವಹಾರವನ್ನು ಅಲ್ಲಿಗೇ ಬಿಡಿ.