ಗಟ್ಟಿ ಕಟ್ಟುವ ಕಾಲು ಸೂಪು: ನನ್ನ ಅನುಭವ

ಕಾಲು ಸೂಪು ಚೆನ್ನಾಗಿ ಬಂದಿದೆಯಾ ಇಲ್ವಾ ಅಂತ ನನಗೆ ಗೊತ್ತಾಗುವುದು ಮಾರನೇ ದಿನ. ರಾತ್ರಿ ಸೋಸಿ ಫ್ರಿಜ್ಜಿನಲ್ಲಿಟ್ಟ ಡಬ್ಬಿಯನ್ನು ಬೆಳಿಗ್ಗೆ ಓರೆ ಮಾಡಿದರೆ ಸೂಪು ಹರಿಯಬಾರದು, ಜೆಲ್ಲಿಯ ಹಾಗೆ ಅಲುಗಾಡಬೇಕು. ಮಸಾಲೆ ಎಷ್ಟೇ ಘಮ್ಮೆನ್ನಲಿ, ಹೀಗೆ ಗಟ್ಟಿ ಕಟ್ಟದಿದ್ದರೆ ಅದು ಬರೀ ಖಾರದ ನೀರು.

ಗಟ್ಟಿ ಕಟ್ಟಿಸುವುದು ಜೆಲಟಿನ್. ಚರ್ಮ, ನಾರು, ಕೀಲು ಇವುಗಳಲ್ಲಿರುವ ಕೊಲಾಜೆನ್ ಅನ್ನೋ ಪ್ರೋಟೀನ್ ಬಿಸಿ ನೀರಲ್ಲಿ ಗಂಟೆಗಟ್ಟಲೆ ಬೆಂದಾಗ ಜೆಲಟಿನ್ ಆಗಿ ನೀರಿಗೆ ಇಳಿಯುತ್ತದೆ. ಅದಕ್ಕೇ ಕಾಲು ಬೇಕು. ನಲ್ಲಿ ಮೂಳೆ ಜಾಸ್ತಿ ಹಾಕಿದರೆ ರುಚಿ ಬರುತ್ತದೆ, ಆದರೆ ಅದರೊಳಗಿನ ಮಜ್ಜೆ ಹೆಚ್ಚಾಗಿ ಕೊಬ್ಬು. ಅದರಿಂದ ಸೂಪು ಕಟ್ಟುವುದಿಲ್ಲ. ಕುರಿ ಕಾಲು ಸಿಗದ ದಿನ ನಾನು ಕೋಳಿ ಕಾಲು ತರುತ್ತೇನೆ. ಅಗ್ಗ, ಉಗುರು ಕತ್ತರಿಸಿ ಹಾಕಿದರೆ ಅದೂ ಚೆನ್ನಾಗಿ ಕಟ್ಟುತ್ತದೆ.

ನಮ್ಮ ಕೋಲಾರದಲ್ಲಿ ಮಟನ್ ಅಂಗಡಿಯವರು ಕಾಲು ಸುಟ್ಟು, ಕತ್ತರಿಸಿಯೇ ಕೊಡುತ್ತಾರೆ. ನಾನು ಹೇಳುವುದು ಒಂದೇ ಮಾತು: "ಅಣ್ಣಾ, ಚರ್ಮ ಸುಲಿಬೇಡಿ, ಸುಟ್ಟು ಕೆರೆದು ಕೊಡಿ." ಮನೆಗೆ ತಂದ ಮೇಲೆ ಗೊರಸಿನ ಸಂದು ನೋಡಲೇಬೇಕು. ಅಲ್ಲಿ ಸುಟ್ಟ ಕೂದಲು, ಕಪ್ಪು ಮಸಿ ಕೂತಿರುತ್ತದೆ. ಚಾಕುವಿನ ತುದಿಯಿಂದ ಕೆರೆದು, ಅರಿಶಿನ ಹಚ್ಚಿ ಉಜ್ಜಿ, ಚರ್ಮ ತಿಳಿ ಕಂದು ಬಣ್ಣಕ್ಕೆ ಬರುವವರೆಗೂ ತೊಳೆಯುತ್ತೇನೆ. ಆಮೇಲೆ ಒಂದು ಕುದಿ ಕುದಿಸಿ ಆ ನೀರು ಚೆಲ್ಲುತ್ತೇನೆ. ಕೌಲು ವಾಸನೆ ಹೋಗುವುದು ಇಲ್ಲೇ. ಈ ಕೆಲಸಕ್ಕೆ ಬೇಸರಪಟ್ಟರೆ ಎಷ್ಟು ಬೆಳ್ಳುಳ್ಳಿ ಹಾಕಿದರೂ ಪ್ರಯೋಜನವಿಲ್ಲ.

ನೀರು ಕಮ್ಮಿ ಇರಲಿ. 8 ಕಾಲಿಗೆ ಸುಮಾರು 2 ಲೀಟರ್, ಅಂದರೆ ಕಾಲು ಮುಳುಗಿ ಮೇಲೊಂದು ಬೆರಳಗಲ. ಸೂಪು ಕಟ್ಟದೇ ಇರುವುದಕ್ಕೆ ಬಹಳ ಸಲ ಕಾರಣ ನೀರು ಜಾಸ್ತಿಯಾಗಿರುವುದೇ. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 5-6 ಗಂಟೆ ಇಡುತ್ತೇನೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದರೆ ಸಾಕು. ಕೊತಕೊತ ಕುದಿಸಿದರೆ ಕೊಬ್ಬು ನೀರಲ್ಲಿ ಬೆರೆತು ಸೂಪು ಬಗ್ಗಡವಾಗುತ್ತದೆ. ಗ್ಯಾಸ್ ಉಳಿಸಬೇಕೆಂದರೆ ಕುಕ್ಕರ್ ಒಳ್ಳೆಯದು. ಮೊದಲ ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ನೀರು ಆವಿಯಾಗುವುದು ಕಮ್ಮಿ, ಹಾಗಾಗಿ ಇನ್ನೂ ಸ್ವಲ್ಪ ಕಮ್ಮಿ ಹಾಕಿ. ಆವಿ ತಾನಾಗೇ ಇಳಿಯಲಿ.

ಮಾಂಸ ಬೇಗ ಬೇಯಲಿ ಅಂತ ಪರಂಗಿಕಾಯಿ ಹಾಕುವ ಅಭ್ಯಾಸ ನಮ್ಮಲ್ಲಿದೆಯಲ್ಲ, ಅದು ಇಲ್ಲಿ ಬೇಡ. ಹಸಿ ಪರಂಗಿಯಲ್ಲಿರುವ ಕಿಣ್ವ ಜೆಲಟಿನ್ನನ್ನೇ ಒಡೆದುಹಾಕುತ್ತದೆ.

ಉಪ್ಪು, ಮಸಾಲೆ ಯಾವುದೂ ಮೊದಲು ಹಾಕುವುದಿಲ್ಲ. ಬೆಂದ ಮೇಲೆ ಸೋಸಿ, ಬೇಗ ಆರಿಸಿ ಫ್ರಿಜ್ಜಿಗಿಡುತ್ತೇನೆ. ಮೇಲೆ ಕಟ್ಟುವ ಕೊಬ್ಬಿನ ಪದರವನ್ನು ಬಳಸುವ ದಿನವೇ ತೆಗೆಯುವುದು. ಮೂರು ದಿನದೊಳಗೆ ಮುಗಿಸುತ್ತೇನೆ, ಜಾಸ್ತಿ ಇದ್ದರೆ ಫ್ರೀಜರ್‌ಗೆ. ಕುಡಿಯುವ ಹೊತ್ತಿಗೆ ಬೇಕಾದಷ್ಟು ತೆಗೆದು ಜಜ್ಜಿದ ಮೆಣಸು, ಜೀರಿಗೆ, ಬೆಳ್ಳುಳ್ಳಿ, ಕೊತ್ತಂಬರಿ ಹಾಕಿ ಒಂದು ಕುದಿ ಬರಿಸಿದರೆ ಆಯಿತು.

ಮೂಳೆ ಮುರಿದವರಿಗೆ ಕಾಲು ಸೂಪು ಕೊಡಿ ಅನ್ನುತ್ತಾರೆ. ಮನೆಯಲ್ಲಿ ಯಾರಾದರೂ ಮಲಗಿದ್ದರೆ ನಾನೂ ಕೊಡುತ್ತೇನೆ. ಬಾಯಿ ರುಚಿ ಕೆಟ್ಟವರಿಗೂ ಸಲೀಸಾಗಿ ಇಳಿಯುತ್ತದೆ, ಮನಸ್ಸಿಗೂ ಹಿತ. ಆದರೆ ಇದರಲ್ಲಿ ಕ್ಯಾಲ್ಸಿಯಂ ಇರುವುದು ತೀರಾ ಕಮ್ಮಿ. ಅದು ಬೇಕೆಂದರೆ ರಾಗಿ, ಹಾಲು. ಜೆಲಟಿನ್ ಪ್ರೋಟೀನೇ ಆದರೂ ಪೂರ್ತಿ ಪ್ರೋಟೀನ್ ಅಲ್ಲ, ಊಟದಿಂದಲೇ ಸಿಗಬೇಕಾದ ಟ್ರಿಪ್ಟೋಫ್ಯಾನ್ ಅನ್ನೋ ಅಮೈನೋ ಆಮ್ಲ ಅದರಲ್ಲಿಲ್ಲ. ಅದಕ್ಕೇ ಸೂಪಿನ ಜೊತೆ ಮೊಟ್ಟೆಯೋ ಬೇಳೆಯೋ ಇರಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ.

ಸೋಸಿದ ಮೇಲೆ ಉಳಿದ ಕಾಲನ್ನು ಎಸೆಯಬೇಡಿ. ಮೂಳೆಯಿಂದ ಚರ್ಮ, ನಾರು ಬಿಡಿಸಿ ಸಾರಿಗೆ ಹಾಕಿ. ಮುದ್ದೆಗೆ ಒಳ್ಳೆ ಜೋಡಿ.