ಲಾಕಪ್ಪಿನ ಏಟು ದಾಖಲೆಗೆ ಬರಬೇಕಾದರೆ

ಠಾಣೆಯಲ್ಲಿ ಏಟು ತಿಂದವರ ಪರ ವಕಾಲತ್ತು ಹಾಕುವಾಗ ನಾನು ಮೊದಲು ಕೇಳುವುದು ಮನೆಯಿಂದ ಕರೆದೊಯ್ದ ಹೊತ್ತು. ಹಿಂದಿನ ಸಂಜೆಯೇ ಮಫ್ತಿಯಲ್ಲಿ ಬಂದು ಕರೆದೊಯ್ದಿರುತ್ತಾರೆ, ಬಂಧನದ ಸಮಯ ಬರೆಯುವ ಅರೆಸ್ಟ್ ಮೆಮೊದಲ್ಲಿ ಮರುದಿನ ಮಧ್ಯಾಹ್ನದ ಸಮಯ ಇರುತ್ತದೆ. ಹೊಡೆತ ಬೀಳುವುದು ಲೆಕ್ಕಕ್ಕೆ ಸಿಗದ ಆ ನಡುವಿನ ಗಂಟೆಗಳಲ್ಲೇ. ಹಾಗಾಗಿ ಮನೆಯವರಿಂದ ತಕ್ಷಣ 112ಕ್ಕೆ ಕರೆ ಮಾಡಿಸಿ, ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಇಮೇಲ್ ಕಳಿಸಿಸುತ್ತೇನೆ. ಎರಡರಲ್ಲೂ ಸಮಯ ತಾನಾಗಿ ದಾಖಲಾಗುತ್ತದೆ.

ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 53ನೇ ಕಲಂ ಪ್ರಕಾರ ವೈದ್ಯರು ಬಂಧಿತನನ್ನು ಪರೀಕ್ಷಿಸಿ, ಗಾಯಗಳನ್ನೂ ಅವು ಆಗಿರಬಹುದಾದ ಅಂದಾಜು ಸಮಯವನ್ನೂ ಬರೆದು ಅವನಿಗೊಂದು ಪ್ರತಿ ಕೊಡಬೇಕು. ನಡೆಯುವುದೇ ಬೇರೆ: ಕಾನ್‌ಸ್ಟೆಬಲ್ ಪಕ್ಕದಲ್ಲೇ ನಿಂತಿರುವಾಗ, ಅಂಗಿಯನ್ನೂ ಬಿಚ್ಚಿಸದೆ, ಬಿಪಿ ನೋಡಿ 'ಹೊರಗಾಯಗಳಿಲ್ಲ' ಎಂದು ಬರೆದು ಕಳಿಸುತ್ತಾರೆ. ಮುಂದೆ ನಮ್ಮ ಕೇಸು ಬಿದ್ದುಹೋಗುವುದು ಹೆಚ್ಚಾಗಿ ಈ ಒಂದು ಸಾಲಿನಿಂದ.

ಅದನ್ನು ಸರಿಪಡಿಸಲು ಇರುವ ಜಾಗ ರಿಮ್ಯಾಂಡ್, ಅಂದರೆ ಬಂಧಿತನನ್ನು ಕಸ್ಟಡಿಗೆ ಕೇಳಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಹೊತ್ತು. 'ಪೊಲೀಸರಿಂದ ತೊಂದರೆ ಆಯಿತೇ?' ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ, ಹೊಡೆದವರೇ ಬೆನ್ನ ಹಿಂದೆ ನಿಂತಿದ್ದರೆ ಯಾರು ಹೌದು ಎಂದಾರು? ಪೊಲೀಸರನ್ನು ಹೊರಗೆ ಕಳಿಸಿ ವಿಚಾರಿಸಬೇಕೆಂದು ಲಿಖಿತ ಅರ್ಜಿ ಕೊಡುತ್ತೇನೆ. ಬಾಯಿಮಾತಿನಲ್ಲಿ ಕೇಳಿದ್ದು ಕೋರ್ಟಿನ ದಾಖಲೆಯಾದ ಆರ್ಡರ್ ಶೀಟಿಗೆ ಬರುವುದಿಲ್ಲ. ಅರ್ಜಿಯಲ್ಲಿ ಗೋಳು ಬೇಡ. ದೇಹದ ಯಾವ ಭಾಗ, ಎಡವೋ ಬಲವೋ, ಯಾವುದರಿಂದ ಹೊಡೆದರು, ಎಷ್ಟು ಹೊತ್ತಿಗೆ, ಇಷ್ಟಿದ್ದರೆ ಸಾಕು.

ಪರೀಕ್ಷೆಗಳನ್ನೂ ಹೆಸರಿಸಿಯೇ ಕೇಳಬೇಕು. ಲಾಠಿ ಏಟು ತೊಡೆ, ಬೆನ್ನಿನ ಮೇಲೆ ಎರಡು ಸಮಾನಾಂತರ ಗೆರೆ ಬಿಡುತ್ತದೆ, ನಡುವಿನ ಚರ್ಮ ಮಾಮೂಲಾಗಿರುತ್ತದೆ; ಇದರ ಫೋಟೊ ಅಳತೆಪಟ್ಟಿ ಇಟ್ಟು ಒಂದು, ಇಡದೆ ಒಂದು ಬೇಕು. ಅಂಗಾಲಿಗೆ ಹೊಡೆದರೆ ಮೇಲೆ ಗುರುತೇ ಕಾಣದಿರಬಹುದು, ಊತ ನೋವಷ್ಟೇ ಇರುತ್ತದೆ. 'ಏರೋಪ್ಲೇನ್ ಹತ್ತಿಸಿದ'ವರಿಗೆ, ಅಂದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನೇತುಹಾಕಿದವರಿಗೆ, ತೋಳು ಮೇಲೆತ್ತಲಾಗದು, ಭುಜದ ಚಲನೆಯನ್ನು ವೈದ್ಯರು ಬರೆಯಬೇಕು. ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗಿದ್ದರೆ ತಡಮಾಡುವಂತಿಲ್ಲ: ಜಜ್ಜಿಹೋದ ಸ್ನಾಯು ಕಿಡ್ನಿಯನ್ನು ಕೆಡಿಸುತ್ತಿರಬಹುದು. ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯೇಟಿನಿನ್, ಈ ಎರಡು ರಕ್ತಪರೀಕ್ಷೆಗಳನ್ನೂ ಅವತ್ತೇ ಮಾಡಿಸಬೇಕು. ಸಿಪಿಕೆ ಕೆಲವೇ ದಿನಗಳಲ್ಲಿ ಇಳಿದುಬಿಡುತ್ತದೆ.

ಜೈಲಿಗೆ ಸೇರಿಸಿಕೊಳ್ಳುವಾಗ ಬರೆಯುವ ಆರೋಗ್ಯ ದಾಖಲೆಯನ್ನು ನಮ್ಮ ವಕೀಲರೇ ಮರೆಯುತ್ತಾರೆ. ಠಾಣೆಯ ಗಾಯ ತಮ್ಮ ತಲೆಗೆ ಬರಬಾರದೆಂದು ಜೈಲಿನವರು ಅದನ್ನು ಸಾಮಾನ್ಯವಾಗಿ ಜೋಪಾನವಾಗಿಯೇ ಬರೆದಿರುತ್ತಾರೆ.

ಠಾಣೆಯ ಸಿಸಿಟಿವಿ ವಿಷಯಕ್ಕೆ ಸುಪ್ರೀಂ ಕೋರ್ಟಿನ ಪರಮವೀರ್ ಸಿಂಗ್ ಸೈನಿ ತೀರ್ಪು (2020) ಇದೆ: ದೃಶ್ಯ 18 ತಿಂಗಳು, ಅದಾಗದಿದ್ದರೂ ಕನಿಷ್ಠ ಒಂದು ವರ್ಷ ಉಳಿಯಬೇಕು. ಆದರೂ 'ಕ್ಯಾಮೆರಾ ಕೆಟ್ಟಿತ್ತು' ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದಕ್ಕೇ ಲಾಕಪ್, ಕಾರಿಡಾರ್, ಬಾಗಿಲು ಎಂದು ಬಿಡಿಸಿ, ದಿನಾಂಕ ಗಂಟೆ ಸಮೇತ, ದೃಶ್ಯ ಕಾಯ್ದಿಡಲು ಮೊದಲ ವಾರದಲ್ಲೇ ಆದೇಶ ಕೇಳುತ್ತೇನೆ.

ಹೊಡೆದ ಪೊಲೀಸರ ಮೇಲೆ ನೇರವಾಗಿ ಕೋರ್ಟಿಗೆ ಕೊಡುವ ಖಾಸಗಿ ದೂರಿಗೆ ದೊಡ್ಡ ಅಡ್ಡಿ, ಮೊದಲು ಸರ್ಕಾರದ ಅನುಮತಿ ಬೇಕೆನ್ನುವ ಬಿಎನ್‌ಎಸ್‌ಎಸ್ 218 ಮತ್ತು ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ. ಕರ್ತವ್ಯದ ಎಲ್ಲೆ ಮೀರಿದ್ದರೂ ಕರ್ತವ್ಯದ ನಂಟಿರುವ ಕೃತ್ಯವಾದರೆ ಸರ್ಕಾರದ ಅನುಮತಿ ಬೇಕೆಂದು ಬೆಂಗಳೂರಿನದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನನಗೆ ಒಪ್ಪಿಗೆಯಿಲ್ಲ, ಆದರೆ ಅದೇ ಈಗಿನ ಕಾನೂನು. ಮಾನವ ಹಕ್ಕುಗಳ ಆಯೋಗಕ್ಕೆ ಈ ಅನುಮತಿಯ ತಕರಾರಿಲ್ಲ. ಘಟನೆಯಿಂದ ಒಂದು ವರ್ಷದೊಳಗೆ ದೂರು ಹೋಗಬೇಕು ಅಷ್ಟೆ. ಅನುಮತಿ ಕಾಯುತ್ತ ಕೂತು ಆ ಗಡುವೂ ದಾಟಿದವರಿದ್ದಾರೆ, ಹಾಗಾಗಿ ಅನುಮತಿಯ ಅರ್ಜಿ, ಆಯೋಗದ ದೂರು ಎರಡನ್ನೂ ಒಟ್ಟಿಗೇ ಕಳಿಸಿಬಿಡುತ್ತೇನೆ.